ಮೈಸೂರು ತಳಿ ರೇಷ್ಮೆಹುಳುವಿನ ಮೊಟ್ಟೆ ತಾನೇ ಒಡೆಯುತ್ತೆ, ದ್ವಿತಳಿಗೆ ಮಾತ್ರ ಆಸಿಡ್ ಯಾಕೆ ಬೇಕು?

ಪ್ರಶ್ನೆ
ಒಂದೇ ಕೋಣೆ, ಅದೇ 25 ಡಿಗ್ರಿ. ಮೈಸೂರು ತಳಿ ಮೊಟ್ಟೆ ಹಳದಿಯಾಗಿಯೇ ಉಳಿದು 10-11 ದಿನಕ್ಕೆ ಒಡೆಯುತ್ತದೆ. ದ್ವಿತಳಿ ಮೊಟ್ಟೆ ಮೂರನೇ ದಿನಕ್ಕೆ ಕಂದಾಗಿ ಕೂತುಬಿಡುತ್ತದೆ. ವರ್ಷಕ್ಕೆ ಎರಡು ಪೀಳಿಗೆ ಅನ್ನುವ ಈ ದ್ವಿತಳಿ ಹುಳು ನಮ್ಮಲ್ಲಿ ಒಂದಕ್ಕೇ ನಿಲ್ಲುವುದೇಕೆ?

ಉತ್ತರ 1
ಕಂದು ಬಣ್ಣ ರೋಗವಲ್ಲ, ಚಳಿಗಾಲದ ನಿದ್ದೆಯ ಗುರುತು. ಜಪಾನಿನಂಥ ಕಡೆ ಚಳಿಗಾಲದಲ್ಲಿ ಹಿಪ್ಪುನೇರಳೆ ಎಲೆ ಉದುರುತ್ತದೆ. ಆಗ ಒಡೆದ ಹುಳಕ್ಕೆ ಸಾವೇ ಗತಿ. ಹಾಗಾಗಿ ತಾಯಿಯೇ ಮುಂದಿನ ಕಾಲವನ್ನು ಲೆಕ್ಕ ಹಾಕುತ್ತಾಳೆ, ಅದೂ ತಾನಿನ್ನೂ ಮೊಟ್ಟೆಯೊಳಗಿದ್ದಾಗಲೇ. ಆಗ 15 ಡಿಗ್ರಿ ತಂಪು, ಕತ್ತಲು ಸಿಕ್ಕರೆ ವಸಂತ ಈಗಷ್ಟೇ ಶುರು, ಇನ್ನೊಂದು ಬೆಳೆಗೆ ಸಮಯವಿದೆ ಎಂದರ್ಥ. ಚಿಟ್ಟೆಯಾದ ಮೇಲೆ ನಿದ್ದೆಯಿಲ್ಲದ ಮೊಟ್ಟೆ ಇಡುತ್ತಾಳೆ. 25 ಡಿಗ್ರಿ ಬಿಸಿ, ಉದ್ದ ಹಗಲು ಸಿಕ್ಕರೆ ಬೇಸಿಗೆ ಬಂದಾಯಿತು ಎಂದರ್ಥ. ಮುಂದೆ ಅವಳು ಗೂಡಿನೊಳಗೆ ಕೋಶ (ಪ್ಯೂಪಾ) ಆಗಿದ್ದಾಗ ಒಂದು ಹಾರ್ಮೋನು ಅಂಡಾಶಯ ಸೇರಿ ಮೊಟ್ಟೆಗಳನ್ನು ಮಲಗಿಸುತ್ತದೆ.

ನಾವು ಪ್ರತಿ ಸಲವೂ 25 ಡಿಗ್ರಿಯಲ್ಲೇ ಕಾವು ಕೊಡುತ್ತೇವೆ. ದ್ವಿತಳಿಯ ಪಾಲಿಗೆ ಮುಂದೆ ಯಾವಾಗಲೂ ಚಳಿಗಾಲವೇ! ಮೈಸೂರಿನಲ್ಲಿ ಅತಿ ಉದ್ದದ ಹಗಲಿಗೂ ಅತಿ ಗಿಡ್ಡದ್ದಕ್ಕೂ ಒಂದೂವರೆ ಗಂಟೆಯಷ್ಟೇ ಅಂತರ, ಜಪಾನಿನ ಉತ್ತರದ ಹೊಕ್ಕೈಡೊದಲ್ಲಿ ಆರು ಗಂಟೆಗೂ ಹೆಚ್ಚು. ಎಲೆ ವರ್ಷವಿಡೀ ಸಿಗುವ ನಮ್ಮ ಕಡೆಯ ತಳಿಗೆ ಆ ಲೆಕ್ಕವೇ ಬೇಕಾಗಿಲ್ಲ.

ಉತ್ತರ 2
ಈ ನಿದ್ದೆ ತಪ್ಪಿಸಿ ಮೊಟ್ಟೆ ಒಡೆಸಲೆಂದೇ ಆಸಿಡ್. ಅದರಲ್ಲಿ ಎಲ್ಲರೂ ಎಡವುವುದು ಹೊತ್ತಿನ ವಿಷಯದಲ್ಲಿ. ಮೊಟ್ಟೆ ಇಟ್ಟು 20-24 ಗಂಟೆಯಾಗಿರಬೇಕು. ತಡವಾದರೆ ನಿದ್ದೆ ಗಟ್ಟಿಯಾಗಿ, ಒಡೆಯುವುದು ಹಿಂದುಮುಂದಾಗುತ್ತದೆ, ಎಷ್ಟೋ ಒಡೆಯುವುದೇ ಇಲ್ಲ. ಮೊಟ್ಟೆ ಇಟ್ಟ ಹಾಳೆಯನ್ನು ಮೊದಲು 2% ಫಾರ್ಮಲಿನ್‌ನಲ್ಲಿ ಅದ್ದಿ, ಇಲ್ಲದಿದ್ದರೆ ಮೊಟ್ಟೆ ಕಿತ್ತುಬರುತ್ತವೆ. ಹೈಡ್ರೋಕ್ಲೋರಿಕ್ ಆಮ್ಲದ ಸಾಪೇಕ್ಷ ಸಾಂದ್ರತೆ 1.075 (15 ಡಿಗ್ರಿಯಲ್ಲಿ ಅಳೆದದ್ದು), ಬಿಸಿ 46 ಡಿಗ್ರಿ, 5 ನಿಮಿಷ. ಬಿಸಿ ಜಾಸ್ತಿಯಾದರೆ ಭ್ರೂಣ ಸಾಯುತ್ತದೆ, ಹಾಗಾಗಿ ಥರ್ಮಾಮೀಟರಿನಿಂದ ಕಣ್ಣು ತೆಗೆಯಬೇಡಿ. ಆಮ್ಲವನ್ನು ನೀರಿಗೆ ಸುರಿಯಬೇಕು, ನೀರನ್ನು ಆಮ್ಲಕ್ಕಲ್ಲ. ಆಮೇಲೆ ಹರಿಯುವ ನೀರಿನಲ್ಲಿ, ನೀಲಿ ಲಿಟ್ಮಸ್ ಕೆಂಪಾಗುವುದು ನಿಲ್ಲುವವರೆಗೂ ತೊಳೆದು ನೆರಳಲ್ಲಿ ಆರಿಸಿ.

ಪ್ರಶ್ನೆ ಕೇಳಿದವರು
ಹಾಗಾದರೆ ಮೊಟ್ಟೆಯನ್ನು 15 ಡಿಗ್ರಿ ಕತ್ತಲಲ್ಲಿಟ್ಟರೆ ಆಸಿಡ್ ತಪ್ಪುತ್ತದಾ ಸರ್?

ಉತ್ತರ 1
ಈ ಮೊಟ್ಟೆಗೆ ತಪ್ಪುವುದಿಲ್ಲ, ಇದರ ಹಣೆಬರಹವನ್ನು ತಾಯಿ ಆಗಲೇ ಬರೆದಿದ್ದಾಳೆ. ತಂಪು ಕೊಡಬೇಕಾದದ್ದು ಒಂದು ಪೀಳಿಗೆ ಹಿಂದೆ, ಬೀಜದ ಬೆಳೆಯ ಮೊಟ್ಟೆಗೆ, ಅಂದರೆ ಈ ಮೊಟ್ಟೆ ಇಡುವ ತಾಯಿ ಹುಟ್ಟುವ ಮೊಟ್ಟೆಗೆ. ಅಲ್ಲಿ ಕಾವಿನ ದಿನಗಳೂ ಹೆಚ್ಚುತ್ತವೆ.

ಮಿಶ್ರತಳಿಯಲ್ಲೂ ತಾಯಿಯ ಮಾತೇ ನಡೆಯುವುದು. ಮೈಸೂರು ತಳಿ ಹೆಣ್ಣಿಗೆ ಸಿಎಸ್‌ಆರ್2 ಎಂಬ ದ್ವಿತಳಿಯ ಗಂಡನ್ನು ಕೂಡಿಸಿದರೆ ಮೊಟ್ಟೆ ಆಸಿಡ್ ಇಲ್ಲದೆ ಒಡೆಯುತ್ತದೆ. ಅದನ್ನೇ ತಿರುಗಿಸಿ, ಸಿಎಸ್‌ಆರ್2 ಹೆಣ್ಣಿಗೆ ಮೈಸೂರು ಗಂಡು ಕೂಡಿಸಿ ನೋಡಿ: ಮೂರನೇ ದಿನ ಹಾಳೆ ಕಂದಾಗಿರುತ್ತದೆ.