ಸಹಾಯ ಬೇಕು: ಮೂರು ಕಾಲಿನ ನಾಯಿಮರಿಯ ಆರೈಕೆ

ಸದಸ್ಯರೆಲ್ಲರಿಗೂ ನಮಸ್ಕಾರ. ದಾವಣಗೆರೆಯ ನಮ್ಮ ಬೀದಿಯಲ್ಲಿ ವಾಹನಕ್ಕೆ ಸಿಕ್ಕಿ ಎಡ ಮುಂಗಾಲನ್ನು ಭುಜದವರೆಗೂ ಕಳೆದುಕೊಂಡ, ಸುಮಾರು ನಾಲ್ಕು ತಿಂಗಳ ಹೆಣ್ಣು ನಾಯಿಮರಿಯೊಂದನ್ನು ನಾವು ಸಾಕುತ್ತಿದ್ದೇವೆ. ಶಸ್ತ್ರಚಿಕಿತ್ಸೆಯ ಗಾಯ ಮಾಗಿದೆ, ಲಸಿಕೆಗಳೂ ಆಗಿವೆ. ನಾಯಿಯ ಮೈಭಾರದಲ್ಲಿ ಸುಮಾರು ಶೇ. 60ರಷ್ಟು ಮುಂಗಾಲುಗಳ ಮೇಲೆಯೇ ಬೀಳುವುದರಿಂದ, ಉಳಿದಿರುವ ಒಂದೇ ಮುಂಗಾಲಿನ ಕೀಲುಗಳು ಬೆಳೆಯುವ ವಯಸ್ಸಿನಲ್ಲೇ ಹಾಳಾಗದಂತೆ ನೋಡಿಕೊಳ್ಳುವುದು ಹೇಗೆಂಬುದೇ ನಮ್ಮ ಮುಖ್ಯ ಚಿಂತೆ.

ನುಣುಪಾದ ಗ್ರಾನೈಟ್ ನೆಲದ ಮೇಲೆ ಓಡುವಾಗ ಆ ಕಾಲು ಪಕ್ಕಕ್ಕೆ ಜಾರಿ, ಗದ್ದ ನೆಲಕ್ಕೆ ಬಡಿಯುತ್ತದೆ. ಗೋಣಿಚೀಲ ಹಾಸಿದರೆ ಅದನ್ನೇ ಕಚ್ಚಿ ಎಳೆದಾಡುತ್ತಾಳೆ, ತುಂಟತನಕ್ಕೇನೂ ಕೊರತೆಯಿಲ್ಲ. ಜಾರದ, ತೊಳೆಯಲು ಸುಲಭವಾದ, ಅವಳ ಹಲ್ಲಿಗೂ ಬಗ್ಗದ ಹಾಸು ಯಾವುದೆಂದು ಬಲ್ಲವರು ತಿಳಿಸಬೇಕು.

ಮರಿಗಳಿಗೆಂದೇ ತಯಾರಾದ ಒಣ ಆಹಾರದ ಜೊತೆಗೆ ಸ್ವಲ್ಪ ಬೇಯಿಸಿದ ಕೋಳಿಮಾಂಸ ಕೊಡುತ್ತಿದ್ದೇವೆ. ಮೂಳೆ ಗಟ್ಟಿಯಾಗಲು ಕ್ಯಾಲ್ಸಿಯಂ ಟಾನಿಕ್ ಕೊಡಿ ಎಂದು ಅಕ್ಕಪಕ್ಕದವರು ಹೇಳುತ್ತಾರಾದರೂ, ಸಮತೋಲಿತ ಆಹಾರ ತಿನ್ನುವ ಮರಿಗೆ ಹೆಚ್ಚುವರಿ ಕ್ಯಾಲ್ಸಿಯಂ ಮೂಳೆಗಳ ಬೆಳವಣಿಗೆಯನ್ನೇ ಕೆಡಿಸಬಹುದಾದ್ದರಿಂದ ಅದನ್ನು ಕೊಟ್ಟಿಲ್ಲ. ಮೈ ದಪ್ಪವಾದಷ್ಟೂ ಕೀಲಿಗೆ ಹೊರೆಯೆಂದು, ಸವರಿದಾಗ ಪಕ್ಕೆಲುಬುಗಳು ಕೈಗೆ ತಾಕುವಷ್ಟರ ಮಟ್ಟಿಗೆ ತೂಕವನ್ನು ಹಿಡಿತದಲ್ಲಿಟ್ಟಿದ್ದೇವೆ.

ಮುಂಗಾಲಿಲ್ಲದ ನಾಯಿಯನ್ನು ಸಾಕಿದ ಅನುಭವವಿರುವವರು, ದಿನಕ್ಕೆ ಎಷ್ಟು ಹೊತ್ತು ನಡೆಸುತ್ತಿದ್ದಿರಿ, ಈಜಿಸುವುದನ್ನು ಯಾವ ವಯಸ್ಸಿನಲ್ಲಿ ಆರಂಭಿಸಿದಿರಿ, ಖಾಲಿ ಭುಜದ ಕಡೆ ಜಾರದಂತಹ ಎದೆಪಟ್ಟಿಯನ್ನು ಎಲ್ಲಿ ಹೊಲಿಸಿದಿರಿ ಎಂಬುದನ್ನು ದಯವಿಟ್ಟು ಬರೆಯಿರಿ. ಶಿವಮೊಗ್ಗ ಅಥವಾ ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನಲ್ಲಿ ಇಂತಹ ಮರಿಯನ್ನು ತೋರಿಸಿದವರಿದ್ದರೆ ಅವರ ಸಲಹೆಯೂ ಬೇಕು. ಹಣದ ನೆರವು ಬೇಡ.