ಪ್ಯಾಂಕ್ರಿಯಾಟೈಟಿಸ್ ಆಗಿ ಐದನೇ ವಾರಕ್ಕೆ ಕಾಮಾಲೆ: ಕಲ್ಲೋ, ಒತ್ತಡವೋ?

ಸಕಲೇಶಪುರ_ಡ್ಯೂಟಿ:
ಪಿತ್ತಕೋಶದ ಕಲ್ಲಿನಿಂದ ತೀವ್ರ ಪ್ಯಾಂಕ್ರಿಯಾಟೈಟಿಸ್ (ಮೇದೋಜೀರಕ ಗ್ರಂಥಿ, ಅಂದರೆ ಪ್ಯಾಂಕ್ರಿಯಾಸ್‌ನ ಉರಿಯೂತ) ಆಗಿ ಹಾಸನದಲ್ಲಿ ಐಸಿಯು ಮುಗಿಸಿ ಮನೆಗೆ ಹೋಗಿದ್ದ ರೋಗಿ, ವಯಸ್ಸು 46. ಈಗ ಐದನೇ ವಾರ. ಮೈಯೆಲ್ಲ ತುರಿಕೆ, ಕಡು ಮೂತ್ರ, ಬಿಳಿಚಿದ ಮಲ. ಬಿಲಿರುಬಿನ್ (ಕಾಮಾಲೆಯ ಹಳದಿ ವಸ್ತು) 7.2, ಡೈರೆಕ್ಟ್ 5.8, ಆಲ್ಕಲೈನ್ ಫಾಸ್ಫಟೇಸ್ (ಪಿತ್ತ ಕಟ್ಟಿದಾಗ ಏರುವ ಕಿಣ್ವ) 540. ಜ್ವರ ಇಲ್ಲ. ಅಲ್ಟ್ರಾಸೌಂಡಿನಲ್ಲಿ ಪಿತ್ತನಾಳ ಹಿಗ್ಗಿ 12 ಮಿ.ಮೀ.; ಗ್ಯಾಸ್ ಅಡ್ಡ ಬಂದು ಕೆಳತುದಿ ಕಂಡಿಲ್ಲ. ಪ್ಯಾಂಕ್ರಿಯಾಸ್ ತಲೆಯ ಬಳಿ 6 ಸೆಂ.ಮೀ. ಸಂಗ್ರಹ (ಕಟ್ಟಿ ನಿಂತ ದ್ರವ) ಇದೆ. ಮನೆಯವರು ಕಾಮಾಲೆಗೆ ನಾಟಿ ಔಷಧಿ ಕೊಡಿಸಲು ಹೊರಟಿದ್ದರು, ತಡೆದಾಯಿತು. ನೇರ ಇಆರ್‌ಸಿಪಿಗೆ (ಬಾಯಿಂದ ಎಂಡೋಸ್ಕೋಪ್ ಇಳಿಸಿ ಪಿತ್ತನಾಳ ತೆರೆಯುವುದು) ಕಳಿಸುವುದೋ, ಮೊದಲು ಎಂಆರ್‌ಸಿಪಿಯೋ (ಪಿತ್ತನಾಳದ ಎಂಆರ್‌ಐ ಚಿತ್ರ)?

ಎಂಡೋ_ರೂಮ್:
ಜ್ವರ ಇಲ್ಲ ಅಂದರೆ ಮೊದಲು ಎಂಆರ್‌ಸಿಪಿ, ಅನುಮಾನವೇ ಬೇಡ. ಪಿತ್ತನಾಳದ ಕೆಳಭಾಗ ಪ್ಯಾಂಕ್ರಿಯಾಸ್ ತಲೆಯೊಳಗೇ ಹಾದುಹೋಗುತ್ತದೆ. ಮೊದಲ ವಾರದ ಕಾಮಾಲೆ ಹೆಚ್ಚಾಗಿ ಕಲ್ಲು ಅಥವಾ ಊತದ್ದು. ಐದನೇ ವಾರದಲ್ಲಿ ಏರುತ್ತಿರುವುದಾದರೆ ಸಂಗ್ರಹದ ಒತ್ತಡವನ್ನೇ ಮೊದಲು ಶಂಕಿಸಬೇಕು. ಉಳಿದ ಕಲ್ಲು, ಗಾಯ ಮಾಗಿ ನಾಳ ಕಿರಿದಾಗಿರುವುದು ಆಮೇಲೆ. ಚಿತ್ರದಲ್ಲಿ ಕಲ್ಲು ದುಂಡಗಿನ ಕಪ್ಪು ಚುಕ್ಕೆಯಾಗಿ ಕಾಣುತ್ತದೆ, ಒತ್ತಡವಾದರೆ ನಾಳ ನುಣುಪಾಗಿ, ಉದ್ದಕ್ಕೆ ಸಣಕಲಾಗುತ್ತಾ ಹೋಗುತ್ತದೆ. 5 ಮಿ.ಮೀ.ಗಿಂತ ಸಣ್ಣ ಕಲ್ಲು ಎಂಆರ್‌ಸಿಪಿಗೆ ತಪ್ಪಬಹುದು, ಇಯುಎಸ್‌ಗೆ (ಎಂಡೋಸ್ಕೋಪ್ ತುದಿಯ ಅಲ್ಟ್ರಾಸೌಂಡ್) ತಪ್ಪುವುದು ಕಡಿಮೆ. ಸಿಟಿ ಸ್ಕ್ಯಾನಿನಲ್ಲಿ ಕಲ್ಲು ಕಾಣಲಿಲ್ಲ ಎಂದು ನಿರಾಳವಾಗಬೇಡಿ. ಕೊಲೆಸ್ಟೆರಾಲ್ ಕಲ್ಲು ಎಷ್ಟೋ ಸಲ ಅದರಲ್ಲಿ ಕಾಣುವುದೇ ಇಲ್ಲ.

ನೇರ ಇಆರ್‌ಸಿಪಿಯ ತೊಂದರೆ ಎರಡು. ಊದಿಕೊಂಡ ಡ್ಯುವೋಡಿನಂನಲ್ಲಿ (ಸಣ್ಣ ಕರುಳಿನ ಮೊದಲ ಭಾಗ) ಪ್ಯಾಪಿಲ್ಲಾ (ಪಿತ್ತನಾಳ ಕರುಳಿಗೆ ತೆರೆಯುವ ಬಾಯಿ) ಸಿಗುವುದೇ ಕಷ್ಟ. ಇನ್ನೊಂದು, ನಾಳಕ್ಕೆ ಕಾಂಟ್ರಾಸ್ಟ್ (ಎಕ್ಸ್‌ರೇಯಲ್ಲಿ ಕಾಣುವ ದ್ರವ) ತುಂಬಿಸಿ, ಸ್ಟೆಂಟ್ (ದಾರಿ ತೆರೆದಿಡುವ ಕೊಳವೆ) ಹಾಕಲಾಗದೆ ವಾಪಸ್ ಬಂದರೆ ಸೋಂಕನ್ನು ನಾವೇ ಒಳಗೆ ಬಿಟ್ಟ ಹಾಗೆ. ಒತ್ತುತ್ತಿರುವುದು ಸಂಗ್ರಹವೇ ಆಗಿದ್ದರೆ ಅದನ್ನು ಬಸಿದರೆ ಕಾಮಾಲೆ ತಾನೇ ಇಳಿಯಬಹುದು. 4 ವಾರ ದಾಟಿದ್ದರಿಂದ ಗೋಡೆ ಗಟ್ಟಿಯಾಗಿರುವ ಸಾಧ್ಯತೆ ಹೆಚ್ಚು, ಇಯುಎಸ್ ಮೂಲಕ ಸಂಗ್ರಹದಿಂದ ಜಠರದ ಕಡೆಗೋ ಡ್ಯುವೋಡಿನಂ ಕಡೆಗೋ ದಾರಿ ಮಾಡಬಹುದು. ಆದರೆ ಸೂಜಿ ಚುಚ್ಚುವ ಮೊದಲು ಆರ್ಟೀರಿಯಲ್ ಫೇಸ್ (ಅಪಧಮನಿಗಳನ್ನು ತೋರಿಸುವ ಹಂತ) ಇರುವ ಸಿಟಿ ಬೇಕೇ ಬೇಕು. ತಲೆಯ ಬಳಿಯ ರಕ್ತನಾಳದಲ್ಲಿ ಸ್ಯೂಡೋಅನ್ಯೂರಿಸಂ (ಗೋಡೆ ಹಾಳಾಗಿ ಉಬ್ಬಿದ ಜಾಗ) ಇದ್ದು, ನೋಡದೆ ಚುಚ್ಚಿದರೆ ಸುರಿಯುವ ರಕ್ತ ನಿಲ್ಲಿಸುವುದು ಕಷ್ಟ.

ಕಾಫಿನಾಡು_ಸರ್ಜರಿ:
ಮೇಲಿನದೆಲ್ಲ ಸರಿ, ಆದರೆ ಚಳಿಜ್ವರ ಬಂದ ಗಳಿಗೆಗೆ ಈ ಕ್ರಮ ರದ್ದು. ಅದು ಕೊಲಾಂಜೈಟಿಸ್ (ಪಿತ್ತನಾಳದ ಸೋಂಕು). ಬ್ಲಡ್ ಕಲ್ಚರ್ ತೆಗೆದು ಆಂಟಿಬಯೋಟಿಕ್ ಶುರು ಮಾಡಿ. ಎಂಆರ್‌ಸಿಪಿ ಸ್ಲಾಟಿಗೆ ಕಾಯದೆ 24 ಗಂಟೆಯೊಳಗೆ ಪಿತ್ತ ಹೊರಬರಬೇಕು, ಬಿಪಿ ಬೀಳುತ್ತಿದ್ದರೆ ಇನ್ನೂ ಬೇಗ. ಇಆರ್‌ಸಿಪಿ ಆಗದಿದ್ದರೆ ಪಿಟಿಬಿಡಿ (ಚರ್ಮದ ಮೂಲಕ ಯಕೃತ್ತಿಗೆ ನಳಿಕೆ ಹಾಕಿ ಪಿತ್ತ ಬಸಿಯುವುದು).

ಕಳಿಸುವ ಮೊದಲು ರಕ್ತ ಹೆಪ್ಪುಗಟ್ಟುವಿಕೆಯ ಅಳತೆಯಾದ ಐಎನ್‌ಆರ್ ನೋಡಿ. ಪಿತ್ತ ಕರುಳಿಗೆ ಇಳಿಯದಿದ್ದರೆ ವಿಟಮಿನ್ ಕೆ ಹೀರಿಕೆ ಆಗುವುದಿಲ್ಲ. ಏರಿದ್ದರೆ 10 ಮಿ.ಗ್ರಾಂ. ನಿಧಾನವಾಗಿ ಐವಿ ಕೊಡಿ. ಕ್ರಿಯಾಟಿನಿನ್, ಶುಗರ್, ಪ್ಲೇಟ್‌ಲೆಟ್ ಕೂಡ. ಸಿಟಿ ವರದಿಯ ಹಾಳೆ ಸಾಲದು, ಚಿತ್ರಗಳ ಸಿಡಿ ಜೊತೆಗಿರಲಿ. ಫೋನಿನಲ್ಲಿ "ಇಆರ್‌ಸಿಪಿ ಇದೆಯಾ" ಎಂದಷ್ಟೇ ಕೇಳಿದರೆ ಎಲ್ಲರೂ ಹೌದು ಅಂತಾರೆ. ಇಯುಎಸ್ ಮತ್ತು ಇಂಟರ್ವೆನ್ಷನಲ್ ರೇಡಿಯಾಲಜಿ (ಸ್ಕ್ಯಾನ್ ನೋಡುತ್ತಾ ನಳಿಕೆ ಹಾಕುವ, ರಕ್ತಸ್ರಾವ ನಿಲ್ಲಿಸುವ ವಿಭಾಗ) ಎರಡೂ ಒಂದೇ ಸೂರಿನಡಿ ಇವೆಯೇ ಎಂದು ಕೇಳಿ. ಮಂಗಳೂರಾದರೆ ಮಳೆಗಾಲದಲ್ಲಿ ಶಿರಾಡಿ ಘಾಟಿ ತೆರೆದಿದೆಯೇ ವಿಚಾರಿಸಿಕೊಂಡೇ ಆಂಬುಲೆನ್ಸ್ ಹೊರಡಲಿ. ಸರ್ಕಾರಿ ಕಡೆ ಬೇಕಿದ್ದರೆ ಬೆಂಗಳೂರಿನ ವಿಕ್ಟೋರಿಯಾ ಆಸ್ಪತ್ರೆ ಆವರಣದ ಗ್ಯಾಸ್ಟ್ರೋ ಸಂಸ್ಥೆ ಇದೆ.

ಸಕಲೇಶಪುರ_ಡ್ಯೂಟಿ:
ಐಎನ್‌ಆರ್ 1.8 ಬಂದಿದೆ, ವಿಟಮಿನ್ ಕೆ ಕೊಟ್ಟಿದ್ದೇವೆ. ಸ್ಟೆಂಟ್ ಹಾಕಿ ಕಳಿಸಿದರೆ ಮುಂದೆ ಇಲ್ಲಿ ಏನೇನು ನೋಡಬೇಕು?

ಎಂಡೋ_ರೂಮ್:
ಪ್ಲಾಸ್ಟಿಕ್ ಪಿತ್ತನಾಳ ಸ್ಟೆಂಟ್ ಸುಮಾರು 3 ತಿಂಗಳಿಗೆ ಕಟ್ಟಿಕೊಳ್ಳುತ್ತದೆ. ತುರಿಕೆ ಹೋಯಿತು ಎಂದು ಜನ ಮರೆಯುತ್ತಾರೆ, ಆಮೇಲೆ ಚಳಿಜ್ವರದಲ್ಲೇ ಬರುತ್ತಾರೆ. ಬದಲಿಸುವ ದಿನಾಂಕವನ್ನು ಡಿಸ್ಚಾರ್ಜ್ ಚೀಟಿಯಲ್ಲಿ ಕನ್ನಡದಲ್ಲೇ, ದಪ್ಪಕ್ಷರದಲ್ಲಿ ಬರೆಸಿ. ಸಂಗ್ರಹಕ್ಕೆ ಅಗಲ ಬಾಯಿಯ ಲೋಹದ ಸ್ಟೆಂಟ್ ಹಾಕಿದ್ದರೆ ಅದು ಬೇರೆ ಲೆಕ್ಕ: 3–4 ವಾರಕ್ಕೆ ಸಿಟಿ ಮಾಡಿ, ಸಂಗ್ರಹ ಇಳಿದಿದ್ದರೆ ತೆಗೆಸಬೇಕು, ಬಿಟ್ಟರೆ ರಕ್ತಸ್ರಾವದ ಭಯ. ನಾಳವೇ ಕಿರಿದಾಗಿದ್ದರೆ ಸ್ಟೆಂಟಿನ ಸರದಿ ಒಂದು ವರ್ಷದವರೆಗೂ ಎಳೆಯಬಹುದು.

ಕಾಫಿನಾಡು_ಸರ್ಜರಿ:
ಪಿಟಿಬಿಡಿ ಚೀಲದೊಂದಿಗೆ ಬಂದರೆ ದಿನದ ಅಳತೆ ಬರೆದಿಡಿಸಿ. ಅರ್ಧ ಲೀಟರಿನ ಮೇಲೆ ಹೊರಹೋದರೆ ಸೋಡಿಯಂ ಬೀಳುತ್ತದೆ, ಓಆರ್‌ಎಸ್ ಬೇಕು. ಇದ್ದಕ್ಕಿದ್ದಂತೆ ನಿಂತರೆ ಖುಷಿಪಡಬೇಡಿ, ನಳಿಕೆ ಕಟ್ಟಿರುತ್ತದೆ ಅಥವಾ ಜಾರಿರುತ್ತದೆ. ಸಂಗ್ರಹದ ಡ್ರೈನಿನಲ್ಲಿ ಹಸಿರು ದ್ರವ ಬಂದರೆ ಅದರ ಬಿಲಿರುಬಿನ್ ಅಳೆಸಿ; ರಕ್ತದಲ್ಲಿರುವುದರ ಮೂರು ಪಟ್ಟು ಇದ್ದರೆ ಪಿತ್ತ ಸೋರುತ್ತಿದೆ. ಪಿತ್ತಕೋಶ ತೆಗೆಯುವುದು ಸಂಗ್ರಹ ಕರಗಿದ ಮೇಲೆ ಅಥವಾ ಅದರ ಗಾತ್ರ ಸ್ಥಿರವಾಗಿ ನಿಂತ ಮೇಲೆ, 6 ವಾರಕ್ಕಿಂತ ಮೊದಲು ಬೇಡ.