ಸ್ಕೂಲ್ ಸೈಕಾಲಜಿ ಪ್ರಶಸ್ತಿಗೆ ಸಹೋದ್ಯೋಗಿಯ ಹೆಸರು ಕಳಿಸುವುದು: ಕಡತದಲ್ಲಿ ಏನೇನಿರಬೇಕು?

ತುಂಗಾತೀರ (ಪ್ರಶ್ನೆ)

ಅಮೆರಿಕದ ಶಾಲೆಗಳಲ್ಲಿ ಕೆಲಸ ಮಾಡುವ ಕನ್ನಡಿಗರು ಇಲ್ಲಿ ಹಲವರಿದ್ದೀರಿ, ಅದಕ್ಕೆ ಕೇಳುತ್ತಿದ್ದೇನೆ. ನಮ್ಮ ಜಿಲ್ಲೆಯ ಒಬ್ಬ ಸ್ಕೂಲ್ ಸೈಕಾಲಜಿಸ್ಟ್ ಹೆಸರನ್ನು ರಾಜ್ಯ ಸಂಘದ ವಾರ್ಷಿಕ ಪ್ರಶಸ್ತಿಗೆ ಕಳಿಸಬೇಕು ಅಂತಿದ್ದೇವೆ. ಮುಂದೆ ಸ್ಕೂಲ್ ಸೈಕಾಲಜಿಸ್ಟರ ರಾಷ್ಟ್ರೀಯ ಸಂಘವಾದ ನ್ಯಾಸ್ಪ್‌ನ ‘ಸ್ಕೂಲ್ ಸೈಕಾಲಜಿಸ್ಟ್ ಆಫ್ ದ ಇಯರ್’ಗೂ ಕಳಿಸುವ ಯೋಚನೆ ಇದೆ. ಅವರ ಪಾಲಿಗೆ ಎರಡು ಪ್ರಾಥಮಿಕ ಶಾಲೆ, ಒಟ್ಟು 1,150 ಮಕ್ಕಳು. ಓದಿನ ಗುಂಪು, ವರ್ತನೆಯ ಯೋಜನೆ, ಬಿಕ್ಕಟ್ಟು ತಂಡ, ಎಲ್ಲಾ ಅವರೇ ನಡೆಸುತ್ತಾರೆ.

ಸದ್ಯಕ್ಕೆ ಕೈಯಲ್ಲಿರೋದು ಅವರ ಸಿ.ವಿ., ಪ್ರಿನ್ಸಿಪಾಲರ ಒಂದು ಪತ್ರ, ಒಬ್ಬ ತಾಯಿ ಬರೆದ ಇಮೇಲ್, ಮತ್ತೆ ಒಂದಿಷ್ಟು ಎಕ್ಸೆಲ್ ಹಾಳೆ. ಯಾವ ಅಂಕಿಅಂಶ ಹಾಕಬೇಕು, ಪತ್ರ ಯಾರ ಹತ್ತಿರ ಬರೆಸಬೇಕು, ಆ ಇಮೇಲ್ ಬಳಸಬಹುದಾ? ಅಮೆರಿಕನ್ ಸೈಕಲಾಜಿಕಲ್ ಅಸೋಸಿಯೇಷನ್‌ನ 16ನೇ ವಿಭಾಗದ (ಸ್ಕೂಲ್ ಸೈಕಾಲಜಿಯದು) ಪ್ರಶಸ್ತಿಗಳಿಗೂ ಇವರು ಸಲ್ಲುತ್ತಾರಾ? ಇನ್ನೊಂದು: ಬೆಂಗಳೂರಿನ ಶಾಲೆಯಲ್ಲಿ ಇದೇ ಕೆಲಸ ಮಾಡುವವರಿಗೆ ಇಂಥ ಕಡತ ಕಟ್ಟೋದಾದರೆ ಏನು ಬದಲಾಗುತ್ತದೆ?

ಹಳೇಕಡತ

ಮೊದಲು 16ನೇ ವಿಭಾಗದ ವಿಷಯ ಮುಗಿಸಿಬಿಡೋಣ. ಅಲ್ಲಿನ ಪ್ರಶಸ್ತಿಗಳ ತೂಕ ಸಂಶೋಧನೆಯ ಕಡೆಗಿದೆ. ಲೈಟ್ನರ್ ವಿಟ್ಮರ್ ಪ್ರಶಸ್ತಿ ವೃತ್ತಿಯ ಆರಂಭದಲ್ಲಿರುವ ವಿದ್ವಾಂಸರಿಗೆ. 1896ರಲ್ಲಿ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದಲ್ಲಿ ಮೊದಲ ಮನೋವೈಜ್ಞಾನಿಕ ಕ್ಲಿನಿಕ್ ತೆರೆದವರ ಹೆಸರು ಅದು. ಸೀನಿಯರ್ ಸೈಂಟಿಸ್ಟ್ ಅಂದರೆ ದೀರ್ಘಕಾಲದ ಸಂಶೋಧನೆಗೆ. ಜ್ಯಾಕ್ ಬಾರ್ಡನ್ ಹೆಸರಿನದು ವೃತ್ತಿಗೆ ಸಲ್ಲಿಸಿದ ಸೇವೆ ಮತ್ತು ನಾಯಕತ್ವಕ್ಕೆ. ಎರಡು ಶಾಲೆಗಳ ನಡುವೆ ಓಡಾಡುತ್ತಾ ಮಕ್ಕಳ ಜೊತೆ ದಿನ ಕಳೆಯುವವರಿಗೆ ಸರಿಯಾದ ದಾರಿ ರಾಜ್ಯ ಸಂಘ, ಆಮೇಲೆ ನ್ಯಾಸ್ಪ್. ನೀವು ಹಿಡಿದಿರುವ ದಾರಿಯೇ ಸರಿ.

ಇನ್ನು ಕಡತ. ತೀರ್ಪುಗಾರರ ಮುಂದೆ ಬರುವ ಅರ್ಜಿಗಳೆಲ್ಲ ಹೊಗಳಿಕೆಯಲ್ಲಿ ಒಂದನ್ನೊಂದು ಹೋಲುತ್ತವೆ. ‘ದಣಿವರಿಯದವರು’, ‘ಮಕ್ಕಳೆಂದರೆ ಪ್ರಾಣ’ ಅನ್ನೋ ಮಾತು ಪ್ರತಿಯೊಂದರಲ್ಲೂ ಇರುತ್ತದೆ. ಆದ್ದರಿಂದ ಬೆನ್ನೆಲುಬಾಗಿ ನ್ಯಾಸ್ಪ್‌ನ 2020ರ ಪ್ರಾಕ್ಟೀಸ್ ಮಾಡೆಲ್ (ಸ್ಕೂಲ್ ಸೈಕಾಲಜಿಸ್ಟರ ಕೆಲಸ ಏನೇನು ಅಂತ ಹೇಳುವ ಮಾದರಿ) ಇಟ್ಟುಕೊಳ್ಳಿ. ಅದರಲ್ಲಿ 10 ಕ್ಷೇತ್ರಗಳಿವೆ. ಹತ್ತನ್ನೂ ತುಂಬಿಸಲು ಹೋದರೆ ಪ್ರತಿಯೊಂದಕ್ಕೂ ಎರಡು ಸಾಲು ಸಿಗುತ್ತದೆ, ಯಾವುದೂ ಮನಸ್ಸಿನಲ್ಲಿ ನಿಲ್ಲೋದಿಲ್ಲ. ಮೂರನ್ನು ಆರಿಸಿ. ನೀವು ಹೇಳಿದ್ದನ್ನು ನೋಡಿದರೆ ಶೈಕ್ಷಣಿಕ ನೆರವು, ಸುರಕ್ಷಿತ ಶಾಲಾ ವಾತಾವರಣ, ಸಮಾಲೋಚನೆ ಮತ್ತು ಸಹಯೋಗ, ಈ ಮೂರು ಎದ್ದು ಕಾಣುತ್ತವೆ. ದತ್ತಾಂಶ ನೋಡಿ ನಿರ್ಧರಿಸುವುದು ಈ ಮೂರರ ಒಳಗೇ ಹರಿಯುತ್ತದೆ, ಅದಕ್ಕೆ ಬೇರೆ ಪುಟ ಬೇಡ.

ಮಕ್ಕಳ ಸಂಖ್ಯೆಯನ್ನು ಮೊದಲ ಪ್ಯಾರಾದಲ್ಲೇ ಹಾಕಿ. ನ್ಯಾಸ್ಪ್ ಶಿಫಾರಸು 500 ಮಕ್ಕಳಿಗೆ ಒಬ್ಬರು. ಇವರದು 1,150. ದೂರಿನ ಧಾಟಿ ಬೇಡ, ಸಂಖ್ಯೆ ಮಾತ್ರ ಸಾಕು. ಮುಂದೆ ಬರುವ ಪ್ರತಿ ಫಲಿತಾಂಶವನ್ನೂ ಓದುವವರು ಆ ಸಂಖ್ಯೆಯ ಪಕ್ಕದಲ್ಲಿಟ್ಟು ನೋಡುತ್ತಾರೆ.

ಪತ್ರ ಮೂರು ಸಾಕು, ಆದರೆ ಮೂವರೂ ಬೇರೆ ಬೇರೆ ಜಾಗದಲ್ಲಿ ನಿಂತು ನೋಡಿದವರಾಗಿರಬೇಕು. ಪ್ರಿನ್ಸಿಪಾಲ್ ಇಡೀ ಶಾಲೆಯಲ್ಲಿ ಆದ ಬದಲಾವಣೆ ಬರೆಯಲಿ. ತರಗತಿಯ ಒಬ್ಬ ಶಿಕ್ಷಕಿ, ಸಮಾಲೋಚನೆ ಆದ ಮೇಲೆ ತಾನು ಸೋಮವಾರದಿಂದ ಏನನ್ನು ಬೇರೆ ಥರ ಮಾಡಿದೆ ಅಂತ ಬರೆಯಲಿ. ಮೂರನೆಯದು ಸಹವೃತ್ತಿಯವರದು, ಅಂದರೆ ಇನ್ನೊಬ್ಬ ಸೈಕಾಲಜಿಸ್ಟ್ ಅಥವಾ ಸ್ಪೀಚ್ ಥೆರಪಿಸ್ಟ್. ಸುಮ್ಮನೆ ‘ಒಂದು ಪತ್ರ ಬರೆದುಕೊಡಿ’ ಅಂದರೆ ಮೂವರೂ ಒಂದೇ ಪತ್ರ ಬರೆಯುತ್ತಾರೆ. ಯಾರು ಯಾವ ಕೆಲಸದ ಬಗ್ಗೆ ಬರೆಯಬೇಕು ಅಂತ ನೀವೇ ಹಂಚಿಕೊಡಿ.

ವ್ಯತ್ಯಾಸ ಎಷ್ಟಿರುತ್ತದೆ ನೋಡಿ. ‘ಇವರು ಬಂದ ಮೇಲೆ ಶಾಲೆಯಲ್ಲಿ ಶಿಸ್ತು ಸುಧಾರಿಸಿದೆ’ ಅನ್ನುವ ಬದಲು ಹೀಗೆ ಬರೆಸಿ (ಅಂಕಿ ನಮೂನೆಗೆ ಮಾತ್ರ; ದೂರುಚೀಟಿ ಅಂದರೆ ಮಗುವಿನ ತಪ್ಪು ನಡವಳಿಕೆ ಬಗ್ಗೆ ಕಚೇರಿಗೆ ಬರೆದು ಕಳಿಸುವ ಚೀಟಿ): ‘ದೂರುಚೀಟಿಗಳನ್ನು ವೇಳೆ ಪ್ರಕಾರ ವಿಂಗಡಿಸಿ, ಜಗಳ ಹೆಚ್ಚಾಗುವುದು ಊಟದ ಬಿಡುವು ಮುಗಿಯುವ ಕೊನೆಯ 10 ನಿಮಿಷದಲ್ಲಿ ಎಂದು ಇವರು ತೋರಿಸಿದರು. ಮೇಲ್ವಿಚಾರಕರು ನಿಲ್ಲುವ ಜಾಗ ಬದಲಾಯಿಸಿದೆವು, ಸಾಲು ಕಟ್ಟುವುದನ್ನು 2 ವಾರ ಪಾಠದಂತೆ ಕಲಿಸಿದೆವು. ಅಕ್ಟೋಬರ್‌ನಲ್ಲಿ 22 ಇದ್ದ ದೂರುಚೀಟಿ ಡಿಸೆಂಬರ್‌ನಲ್ಲಿ 9 ಆಯಿತು.’ ವಿಶೇಷಣ ಒಂದೂ ಇಲ್ಲ, ಆದರೂ ಮನುಷ್ಯ ಕಣ್ಣಿಗೆ ಕಟ್ಟುತ್ತಾರೆ.

ಕೆಲಸ ಶುರು ಮಾಡುವುದು ಏಪ್ರಿಲ್‌ನಲ್ಲೇ ಆಗಲಿ. ವಸಂತದ ಓದಿನ ಸ್ಕ್ರೀನಿಂಗ್ (ಎಲ್ಲಾ ಮಕ್ಕಳಿಗೂ ಕೊಡುವ ಕಿರುಪರೀಕ್ಷೆ) ಮುಗಿದ ತಕ್ಷಣ ಅಂಕಿ ತೆಗೆದಿಡಿ, ಮೇ ಮುಗಿಯುವ ಮುಂಚೆ ಪತ್ರಗಳು ಕೈಗೆ ಬರಲಿ. ಜೂನ್ ಬಂತೆಂದರೆ ಶಿಕ್ಷಕರು ಸಿಗೋದಿಲ್ಲ. ಪುಟದ ಮಿತಿ, ಗಡುವು, ಅರ್ಹತೆ ವರ್ಷವರ್ಷಕ್ಕೂ ಬದಲಾಗಬಹುದು. ಆ ವರ್ಷದ ಪ್ರಕಟಣೆಯನ್ನು ಪ್ರಿಂಟ್ ತೆಗೆದು ಪಕ್ಕದಲ್ಲಿಟ್ಟುಕೊಂಡೇ ಬರೆಯಿರಿ. ಸಂಘದ ಸದಸ್ಯತ್ವ ಚಾಲ್ತಿಯಲ್ಲಿದೆಯಾ ಅಂತ ಇವತ್ತೇ ಅವರನ್ನು ಕೇಳಿ. ನವೀಕರಣ ಮರೆತದ್ದಕ್ಕೆ ಒಳ್ಳೆಯ ಅರ್ಜಿ ಬಾಗಿಲಲ್ಲೇ ನಿಲ್ಲುವುದು ತೀರಾ ಬೇಸರದ ಸಂಗತಿ.

ಅಂಕಿಗಣ್ಣು

ಹಳೇಕಡತ ಅವರ ನಮೂನೆ ಪತ್ರ ಚೆನ್ನಾಗಿದೆ, ಆದರೆ ಅದರಲ್ಲೇ ಒಂದು ತಪ್ಪು ನುಸುಳಿದೆ. ಎಲ್ಲರೂ ಮಾಡುವ ತಪ್ಪೇ. ಅಕ್ಟೋಬರ್‌ನಲ್ಲಿ 22 ಶಾಲಾ ದಿನ, ಡಿಸೆಂಬರ್‌ನಲ್ಲಿ 15 ದಿನ ಇದ್ದರೆ? 22 ಚೀಟಿ ಅಂದರೆ ದಿನಕ್ಕೆ 1, 9 ಚೀಟಿ ಅಂದರೆ ದಿನಕ್ಕೆ 0.6. ಇಳಿಕೆ ಶೇ. 59 ಅಲ್ಲ, ಶೇ. 40. ಆದ್ದರಿಂದ ದೂರುಚೀಟಿಯನ್ನು ಯಾವಾಗಲೂ ‘100 ಮಕ್ಕಳಿಗೆ, ಒಂದು ಶಾಲಾ ದಿನಕ್ಕೆ’ ಅನ್ನೋ ಲೆಕ್ಕಕ್ಕೆ ತನ್ನಿ. 600 ಮಕ್ಕಳ ಶಾಲೆಯಾದರೆ ಇದು 0.17ರಿಂದ 0.10ಕ್ಕೆ ಇಳಿದ ಹಾಗೆ. ಸಾಧ್ಯವಾದರೆ ಹಿಂದಿನ ವರ್ಷದ ಡಿಸೆಂಬರ್ ಜೊತೆಗೂ ಹೋಲಿಸಿ. ಚಳಿಗೆ ಮಕ್ಕಳು ಮೈದಾನಕ್ಕೇ ಇಳಿಯದಿದ್ದರೆ ಜಗಳ ತಾನಾಗಿಯೇ ಕಡಿಮೆಯಾಗಿರುತ್ತದೆ.

ಓದಿನ ಗುಂಪಿನ ಅಂಕಿಯಲ್ಲಿ ದೊಡ್ಡ ಅಪಾಯ ಇನ್ನೊಂದಿದೆ. ಸೆಪ್ಟೆಂಬರ್‌ನಲ್ಲಿ ತೀರಾ ಕೆಳಗಿದ್ದ ಮಕ್ಕಳನ್ನು ಆರಿಸಿ ಮೇ ತಿಂಗಳಲ್ಲಿ ಅಳೆದರೆ ಎಲ್ಲರೂ ಮೇಲೆ ಬಂದಿರುತ್ತಾರೆ. ಅದರಲ್ಲಿ ಒಂದು ಪಾಲು ವಯಸ್ಸಿನ ಬೆಳವಣಿಗೆ, ಇನ್ನೊಂದು ಪಾಲು ತೀರಾ ಕೆಳಗಿನ ಅಂಕಗಳು ಮರು ಅಳತೆಯಲ್ಲಿ ಸರಾಸರಿಯತ್ತ ಸರಿಯುವ ಸ್ವಭಾವ. ಶೂನ್ಯ ನೆರವಿನಲ್ಲೂ ಇಷ್ಟು ಆಗುತ್ತದೆ. ಆದ್ದರಿಂದ ಆ ತರಗತಿಯ ಸಾಮಾನ್ಯ ವಾರದ ಬೆಳವಣಿಗೆ ದರವನ್ನು ಪಕ್ಕದಲ್ಲೇ ತೋರಿಸಿ. ನೆರವು ಪಡೆದ ಮಕ್ಕಳು ಅದಕ್ಕಿಂತ ವೇಗವಾಗಿ ಬೆಳೆದಿದ್ದರೆ ಮಾತ್ರ ಅಂತರ ಕಿರಿದಾಗಿದೆ ಅನ್ನಬಹುದು.

ಒಂದೇ ಮಗುವಿನ ಗ್ರಾಫ್ ಹಾಕುವುದಾದರೆ ಒಂದನ್ನೇ ಹಾಕಿ, ನೆಟ್ಟಗೆ ಹಾಕಿ. ನೆರವಿಗೆ ಮೊದಲು 5 ಬಿಂದು, ಅಂದರೆ 5 ಸಲದ ಅಳತೆ, ಇರಲಿ. ನಿಮಿಷಕ್ಕೆ ಸರಿಯಾಗಿ ಓದಿದ ಪದ 28, 31, 30, 33, 29 ಅಂದುಕೊಳ್ಳಿ. ನೆರವಿನ 10 ವಾರದಲ್ಲಿ 32, 36, 38, 41, 40, 44, 47, 49, 52, 55. ಮೊದಲ ಹಂತದ ಗರಿಷ್ಠ 33. ಅದನ್ನು ದಾಟಿದ ಬಿಂದು ಹತ್ತರಲ್ಲಿ ಒಂಬತ್ತು, ಅಂದರೆ ಶೇ. 90. ಪಿ.ಎನ್.ಡಿ. ಅನ್ನೋದು ಇದಕ್ಕೇ. ಸಾಮಾನ್ಯವಾಗಿ ಶೇ. 70ರಿಂದ ಮೇಲಿದ್ದರೆ ಪರಿಣಾಮಕಾರಿ ಅನ್ನುತ್ತಾರೆ, 50ಕ್ಕಿಂತ ಕೆಳಗಿದ್ದರೆ ಇಲ್ಲ. ಆದರೆ ಮೊದಲ ಐದರಲ್ಲಿ ಒಂದು ದಿನ ಸುಲಭದ ಪಾಠ ಸಿಕ್ಕಿ 45 ಬಂದಿತ್ತು ಅನ್ನಿ. ಅದೇ ಮಗು, ಅದೇ ನೆರವು, ಶೇ. 40ಕ್ಕೆ ಕುಸಿಯುತ್ತದೆ. ಒಂದು ಬಿಂದು ಇಡೀ ಲೆಕ್ಕ ಕೆಡಿಸುತ್ತದೆ. ಅದಕ್ಕೇ ಬರೀ ಶೇಕಡಾ ಕೊಡಬೇಡಿ, ಗ್ರಾಫನ್ನೂ ಕೊಡಿ. ಹಂತಗಳ ನಡುವೆ ಲಂಬ ಗೆರೆ ಎಳೆಯಿರಿ, ಗೆರೆ ದಾಟಿ ಬಿಂದುಗಳನ್ನು ಜೋಡಿಸಬೇಡಿ, ಲಂಬ ಅಕ್ಷ ಸೊನ್ನೆಯಿಂದ ಶುರುವಾಗಲಿ. 25ರಿಂದ ಶುರುವಾದ ಅಕ್ಷ ನೋಡಿದರೆ ಅನುಭವಿ ತೀರ್ಪುಗಾರರಿಗೆ ಮೊದಲು ಬರುವುದೇ ಅನುಮಾನ.

ಹಾಳೆಯಲ್ಲಿರುವ ಅಂಕಿ ಹೇಗೆ ಬಂತು ಅನ್ನೋದನ್ನೂ ಕೇಳಿಕೊಳ್ಳಿ. ಸ್ಕ್ರೀನಿಂಗ್‌ನಲ್ಲಿ 1 ನಿಮಿಷದಂತೆ 3 ಪಾಠ ಓದಿಸಿ ಮಧ್ಯದ ಅಂಕ ತೆಗೆದುಕೊಂಡಿದ್ದಾರಾ? ಮಗು 3 ಸೆಕೆಂಡು ತಡೆದರೆ ಪದ ಹೇಳಿಕೊಟ್ಟು ತಪ್ಪು ಎಂದು ಎಣಿಸಿದ್ದಾರಾ? ಒಂದು ಶಾಲೆಯವರು ಹಾಗೆ ಎಣಿಸಿ ಇನ್ನೊಂದು ಶಾಲೆಯವರು ಕಾಯುತ್ತಾ ಕೂತಿದ್ದರೆ ಎರಡನ್ನೂ ಸೇರಿಸುವ ಹಾಗಿಲ್ಲ.

ಬೀಗದಕೈ

ಆ ತಾಯಿಯ ಇಮೇಲ್ ಬಗ್ಗೆ. ಸದ್ಯಕ್ಕೆ ಪಕ್ಕಕ್ಕಿಡಿ.

ಕಾರಣ ಎರಡು. 1974ರ ಫರ್ಪಾ ಕಾಯ್ದೆ ಮಗುವಿನ ಶೈಕ್ಷಣಿಕ ದಾಖಲೆಯ ಮಾಹಿತಿಯನ್ನು ಪೋಷಕರ ಲಿಖಿತ ಒಪ್ಪಿಗೆ ಇಲ್ಲದೆ ಹೊರಗೆ ಕೊಡಲು ಬಿಡುವುದಿಲ್ಲ. ಪ್ರಶಸ್ತಿ ಸಮಿತಿ ಹೊರಗಿನವರೇ. ಹೆಸರು ಅಳಿಸಿದರೆ ಸಾಕು ಅಂದುಕೊಳ್ಳುತ್ತಾರೆ, ಸಾಲದು. ‘3ನೇ ತರಗತಿಯ, ಮಾರ್ಚ್‌ನಲ್ಲಿ ಬೇರೆ ರಾಜ್ಯದಿಂದ ಬಂದ, ಶ್ರವಣಯಂತ್ರ ಹಾಕುವ ಹುಡುಗ’ ಅಂದರೆ ಇಡೀ ಊರಿಗೆ ಗೊತ್ತು ಯಾರು ಅಂತ. ಅಂಕಿಗಣ್ಣು ಹೇಳಿದ ಗ್ರಾಫ್‌ಗೂ ಇದೇ ಮಾತು: ತರಗತಿ, ವರ್ಷ, ಶಾಲೆ ಮೂರನ್ನೂ ಒಟ್ಟಿಗೆ ಕೊಡಬೇಡಿ, ‘ಒಂದು ಪ್ರಾಥಮಿಕ ತರಗತಿಯ ವಿದ್ಯಾರ್ಥಿ’ ಸಾಕು. 4 ಮಕ್ಕಳ ಗುಂಪಿನಲ್ಲಿ ‘ಶೇ. 75 ಮಂದಿ ಗುರಿ ಮುಟ್ಟಿದರು’ ಅಂದರೆ ಮುಟ್ಟದ ಆ ಒಂದು ಮಗುವನ್ನು ಬೆರಳು ಮಾಡಿ ತೋರಿಸಿದ ಹಾಗೆ. ಚಿಕ್ಕ ಗುಂಪುಗಳನ್ನು ಒಟ್ಟು ಸೇರಿಸಿ ಬರೆಯಿರಿ.

ಎರಡನೆಯದು ಒತ್ತಡದ ವಿಷಯ. ಸದ್ಯ ಚಿಕಿತ್ಸೆಯಲ್ಲಿರುವವರ ಹತ್ತಿರ ಶಿಫಾರಸು ಮಾತು ಕೇಳಬಾರದು ಅಂತ ಅಮೆರಿಕನ್ ಸೈಕಲಾಜಿಕಲ್ ಅಸೋಸಿಯೇಷನ್‌ನ ನೀತಿಸಂಹಿತೆಯ 5.05ರಲ್ಲೇ ಇದೆ, ಒತ್ತಡಕ್ಕೆ ಸುಲಭವಾಗಿ ಒಳಗಾಗುವ ಇತರರನ್ನೂ ಅದು ಸೇರಿಸುತ್ತದೆ. ಮಗುವಿನ ಮೌಲ್ಯಮಾಪನ ನಡೆಯುತ್ತಿರುವ, ಐ.ಇ.ಪಿ. (ಆ ಮಗುವಿಗೆಂದೇ ರೂಪಿಸುವ ವಿಶೇಷ ಶಿಕ್ಷಣ ಯೋಜನೆ) ಸಭೆ ಬಾಕಿ ಇರುವ ತಾಯಿಗೆ ‘ಇಲ್ಲ’ ಅನ್ನಲು ಸಾಧ್ಯವೇ? ಆ ಕುಟುಂಬದ ಕೆಲಸ ಪೂರ್ತಿ ಮುಗಿದಿದ್ದರೆ, ಕೇಳುವವರು ಆ ಸೈಕಾಲಜಿಸ್ಟ್ ಅಲ್ಲದೆ ಬೇರೆಯವರಾಗಿದ್ದರೆ, ತಾಯಿ ತಾವಾಗಿ ಹೊಸ ಪತ್ರ ಬರೆದು ಸಮಿತಿಗೆ ಕೊಡಲು ಸಹಿ ಹಾಕಿದರೆ, ಆಗ ಸರಿ. ಧನ್ಯವಾದ ಹೇಳಲು ಬರೆದ ಇಮೇಲನ್ನು ಸಾಕ್ಷಿಯಾಗಿ ಬಳಸುವುದು ಅವರ ನಂಬಿಕೆಗೆ ಸಲ್ಲುವ ನಡೆ ಅಲ್ಲ.

ತುಂಗಾತೀರ

ಎಲ್ಲರಿಗೂ ಧನ್ಯವಾದ. ಇಮೇಲ್ ತೆಗೆದೆ. ಇನ್ನೊಂದು ಅಂಕಿ ಇದೆ: ಹೊಸ ವಿಶೇಷ ಶಿಕ್ಷಣ ಮೌಲ್ಯಮಾಪನದ ಕೋರಿಕೆ ವರ್ಷಕ್ಕೆ 60 ಇದ್ದದ್ದು 35ಕ್ಕೆ ಇಳಿದಿದೆ. ಮುಖ್ಯ ಸಾಧನೆ ಅಂತ ಮೊದಲ ಪುಟದಲ್ಲೇ ಹಾಕಬಹುದಲ್ಲವಾ?

ಬೀಗದಕೈ

ಹಾಗೆಯೇ ಹಾಕಬೇಡಿ. ಕೋರಿಕೆ ಕಡಿಮೆಯಾಯಿತು ಅನ್ನೋದನ್ನು ‘ಮಕ್ಕಳನ್ನು ತಡೆದರು’ ಅಂತಲೂ ಓದಬಹುದು. ಮೊದಲು ತರಗತಿಯಲ್ಲೇ ಹಂತಹಂತವಾಗಿ ನೆರವು ಕೊಟ್ಟು ನೋಡೋಣ ಅನ್ನೋ ಹೆಸರಿನಲ್ಲಿ ಮೌಲ್ಯಮಾಪನ ಮುಂದೂಡುವಂತಿಲ್ಲ, ನಿರಾಕರಿಸುವಂತಿಲ್ಲ ಎಂದು ಅಮೆರಿಕದ ಶಿಕ್ಷಣ ಇಲಾಖೆಯ ವಿಶೇಷ ಶಿಕ್ಷಣ ಕಚೇರಿ 2011ರ ಜನವರಿಯಲ್ಲೇ ಸುತ್ತೋಲೆ ಹೊರಡಿಸಿದೆ. ಬರೀ 60ರಿಂದ 35 ಅಂತ ಬರೆದರೆ ಸಮಿತಿಯಲ್ಲಿರುವ ಅನುಭವಿಗಳಿಗೆ ನೆನಪಾಗುವುದು ಅದೇ ಸುತ್ತೋಲೆ.

ಪಕ್ಕದಲ್ಲಿ ವಿಶೇಷ ಶಿಕ್ಷಣಕ್ಕೆ ಅರ್ಹರಾದವರ ಸಂಖ್ಯೆ ಬೇಕು. 60ರಲ್ಲಿ 24 ಮಕ್ಕಳು ಅರ್ಹರಾಗಿದ್ದರು, ಈಗ 35ರಲ್ಲಿ 28 ಅಂತಾದರೆ ಶೇ. 40ರಿಂದ 80ಕ್ಕೆ ಏರಿದ ಹಾಗೆ. ಹೆಚ್ಚಾಗಿ ಬೇಕಾದ ಮಗುವೇ ಪರೀಕ್ಷೆಗೆ ಬರುತ್ತಿದೆ ಎಂದು ಅದು ಹೇಳುತ್ತದೆ. ಅದೇ 35ರಲ್ಲಿ 14 ಮಾತ್ರ ಅರ್ಹರಾಗಿದ್ದರೆ ಪ್ರಮಾಣ 40ರಲ್ಲೇ ನಿಂತಿದೆ, ಬಾಗಿಲು ಮಾತ್ರ ಕಿರಿದಾಗಿದೆ. ಜೊತೆಗೆ ಪೋಷಕರ ಒಪ್ಪಿಗೆ ಸಿಕ್ಕ ದಿನದಿಂದ 60 ದಿನದೊಳಗೆ, ಅಥವಾ ನಿಮ್ಮ ರಾಜ್ಯದ ಗಡುವಿನೊಳಗೆ, ಎಷ್ಟು ಮುಗಿದಿವೆ ಅನ್ನೋದೂ ಇರಲಿ. ಈ ಮೂರೂ ಒಟ್ಟಿಗಿದ್ದರೆ ಮೊದಲ ಪುಟಕ್ಕೆ ಯೋಗ್ಯ.

ಜಯನಗರ4

ಬೆಂಗಳೂರಿನ ಪ್ರಶ್ನೆಗೆ ಯಾರೂ ಕೈ ಹಾಕಿಲ್ಲ, ನಾನು ಹೇಳುತ್ತೇನೆ. ವೇದಿಕೆ ಹುಡುಕುವವರು ಇಂಡಿಯನ್ ಸ್ಕೂಲ್ ಸೈಕಾಲಜಿ ಅಸೋಸಿಯೇಷನ್ ಮತ್ತು 1982ರಿಂದ ಇರುವ ಇಂಟರ್‌ನ್ಯಾಷನಲ್ ಸ್ಕೂಲ್ ಸೈಕಾಲಜಿ ಅಸೋಸಿಯೇಷನ್, ಎರಡರ ಪ್ರಕಟಣೆಗಳನ್ನೂ ಗಮನಿಸುತ್ತಿರಲಿ. ಅರ್ಜಿಯಲ್ಲಿ ಹುದ್ದೆಯ ಹೆಸರು ನೇಮಕಾತಿ ಪತ್ರದಲ್ಲಿ ಇರುವಂತೆಯೇ ಬರಲಿ. ಶಾಲೆಗಳಲ್ಲಿ ಹೆಚ್ಚಾಗಿ ‘ಕೌನ್ಸೆಲರ್’ ಅಂತಿರುತ್ತದೆ. ಭಾರತೀಯ ಪುನರ್ವಸತಿ ಮಂಡಳಿಯಲ್ಲಿ (ಆರ್.ಸಿ.ಐ.) ನೋಂದಣಿ ಇಲ್ಲದವರನ್ನು ‘ಕ್ಲಿನಿಕಲ್ ಸೈಕಾಲಜಿಸ್ಟ್’ ಅಂತ ಅಭಿಮಾನಕ್ಕೂ ಬರೆಯಬೇಡಿ, 1992ರ ಕಾಯ್ದೆ ಪ್ರಕಾರ ಅದು ತಪ್ಪು.

ಕೆಲಸದ ವ್ಯಾಪ್ತಿ ತೋರಿಸಲು 2016ರ ವಿಕಲಚೇತನರ ಹಕ್ಕುಗಳ ಕಾಯ್ದೆ ಒಳ್ಳೆಯ ಚೌಕಟ್ಟು. ಅದರ 21 ವಿಧದ ವೈಕಲ್ಯಗಳಲ್ಲಿ ನಿರ್ದಿಷ್ಟ ಕಲಿಕಾ ನ್ಯೂನತೆಯೂ ಇದೆ. ಎಷ್ಟು ಮಕ್ಕಳನ್ನು ಪ್ರಮಾಣಪತ್ರಕ್ಕೆ ಕಳಿಸಿದರು ಅನ್ನೋದಕ್ಕಿಂತ, ಪ್ರಮಾಣಪತ್ರ ಬಂದ ಮೇಲೆ ಎಷ್ಟು ಮಕ್ಕಳಿಗೆ ಪರೀಕ್ಷೆಯಲ್ಲಿ ಹೆಚ್ಚುವರಿ ಸಮಯ, ಬರೆಯಲು ಸಹಾಯಕರು ನಿಜವಾಗಿ ಸಿಕ್ಕರು ಅನ್ನೋದು ತೂಕದ ಅಂಕಿ. ನಿಮ್ಹಾನ್ಸ್‌ನ ಕಲಿಕಾ ನ್ಯೂನತೆಯ ಪರೀಕ್ಷಾಮಾಲೆ ನ್ಯೂನತೆ ಗುರುತಿಸಲು ಇರುವುದು. ಅದನ್ನೇ ತಿಂಗಳಿಗೊಮ್ಮೆ ಕೊಟ್ಟು ಪ್ರಗತಿ ತೋರಿಸಬೇಡಿ.

ಮುಖ್ಯವಾದ ಮಾತು, ಅಂಕಿಗಣ್ಣು ಹೇಳಿದ ‘ನಿಮಿಷಕ್ಕೆ ಎಷ್ಟು ಪದ’ ಅನ್ನೋ ಅಳತೆಯನ್ನು ಕನ್ನಡ ಓದಿಗೆ ಹಾಗೇ ತರಬೇಡಿ. ‘ಮನೆಯವರೊಂದಿಗೆ’ ನಮಗೆ ಒಂದು ಪದ, ಆದರೆ ಮ, ನೆ, ಯ, ವ, ರೊಂ, ದಿ, ಗೆ ಅಂತ ಏಳು ಅಕ್ಷರ ದಾಟಬೇಕು. ಇಂಗ್ಲಿಷ್‌ನಲ್ಲಿ ಅದೇ ಅರ್ಥಕ್ಕೆ ಮೂರು ಚಿಕ್ಕ ಪದ. ಪದ ಎಣಿಸಿದರೆ ಕನ್ನಡ ಓದುವ ಮಗು ಸುಮ್ಮಸುಮ್ಮನೆ ನಿಧಾನ ಅಂತ ಕಾಣುತ್ತದೆ. ನಿಮಿಷಕ್ಕೆ ಸರಿಯಾಗಿ ಓದಿದ ಅಕ್ಷರ ಎಣಿಸಿ, ಒತ್ತಕ್ಷರದ ತಪ್ಪುಗಳನ್ನು ಬೇರೆ ಕಂಬಸಾಲಿನಲ್ಲಿ ಬರೆಯಿರಿ. ಗುಣಿತಾಕ್ಷರ ಗಟ್ಟಿಯಾದ ಎಷ್ಟೋ ಮಕ್ಕಳು ‘ಕಷ್ಟ’, ‘ವಸ್ತು’ ಬಂದಾಗ ನಿಂತುಬಿಡುತ್ತಾರೆ, ಒಟ್ಟು ಅಂಕದಲ್ಲಿ ಅದು ಮುಚ್ಚಿಹೋಗುತ್ತದೆ. ಹೋಲಿಕೆಗೆ ಅಮೆರಿಕದ ಓದಿನ ವೇಗದ ಪಟ್ಟಿ ಹಾಕದೆ, ಅದೇ ಶಾಲೆಯ ಅದೇ ತರಗತಿಯ ಮಕ್ಕಳಿಗೆ ಜೂನ್, ಅಕ್ಟೋಬರ್, ಫೆಬ್ರುವರಿಯಲ್ಲಿ ಸಮಾನ ಕಷ್ಟದ ಪಾಠ ಓದಿಸಿ ಬಂದ ಮಧ್ಯದ ಅಂಕ ಹಾಕಿ.